ಹೊಲ ಬಿಟ್ಟು ಹೊರಟವನ ಹಾಡು

‘ಬಾಬಾ ಓರೈಲಿ’ ಹಾಡು ಕೇಳಿದ ಎಷ್ಟೋ ಜನಕ್ಕೆ ಅದರ ಹೆಸರೇ ಗೊತ್ತಿರುವುದಿಲ್ಲ. ಅದರಲ್ಲಿ ಅವರ ತಪ್ಪೇನಿಲ್ಲ. ಐದು ನಿಮಿಷದ ಹಾಡಿನಲ್ಲಿ ಆ ಹೆಸರು ಒಂದು ಸಲವೂ ಬರುವುದಿಲ್ಲ. ಬರುವುದು ‘ಟೀನೇಜ್ ವೇಸ್ಟ್‌ಲ್ಯಾಂಡ್’, ಅಂದರೆ ಹರೆಯದವರ ಬಂಜರು, ಎಂಬ ಕೂಗು. ಹಾಗಾಗಿ ಜನ ಅದನ್ನೇ ಹಾಡಿನ ಹೆಸರು ಮಾಡಿಕೊಂಡಿದ್ದಾರೆ. ಬೆಂಗಳೂರಿನ ಬ್ರಿಗೇಡ್ ರೋಡ್ ಸುತ್ತಮುತ್ತ ಹಳೆಯ ರಾಕ್ ಹಾಕುವ ಪಬ್‌ಗಳಲ್ಲಿ ಈ ಹಾಡು ಬಂದಾಗ ನೋಡಬೇಕು. ಶುರುವಿನ ಆರ್ಗನ್ ಕೇಳಿದ ಕೂಡಲೇ ಬೆರಳುಗಳು ಟೇಬಲ್ ಬಡಿಯತೊಡಗುತ್ತವೆ. ಆ ಎರಡು ಪದ ಬಂದಾಗ ಇಡೀ ಪಬ್ಬು ಒಂದೇ ಗಂಟಲಲ್ಲಿ ಕೂಗುತ್ತದೆ. ಕೂಗುವವರಲ್ಲಿ ಹೆಚ್ಚಿನವರು ನಲವತ್ತು ದಾಟಿದವರು. ನಾನೂ ಅದೇ ಗುಂಪಿನವನು.

ಇದು ಎಲ್ಲ ಬಿಟ್ಟು ಓಡಿಹೋಗುವವರ ಹಾಡು ಅಂತ ಸಾಮಾನ್ಯ ನಂಬಿಕೆ. ಆಫೀಸು, ಟ್ರಾಫಿಕ್ಕು, ಇಎಂಐ ಎಲ್ಲವನ್ನೂ ಅಲ್ಲೇ ಒಗೆದು ಯಾವುದೋ ಹಸಿರು ಹೊಲದ ಕಡೆ ಗಾಡಿ ತಿರುಗಿಸುವ ಹಾಡು. ವಾರಾಂತ್ಯಕ್ಕೆ ಊರು ಬಿಡುವವರ ಕಾರುಗಳಲ್ಲಿ ನೈಸ್ ರೋಡ್ ಹತ್ತುವಾಗ ಇದು ಜೋರಾಗಿ ಕೇಳುತ್ತಿರುತ್ತದೆ. ಆದರೆ ಹಾಡನ್ನು ಶುರುವಿನಿಂದ ಸಮಾಧಾನವಾಗಿ ಕೇಳಿದರೆ ಅದು ಹೇಳುವುದೇ ಬೇರೆ. ಈ ಹಾಡಿನ ಮನುಷ್ಯ ಹೊಲದ ಕಡೆ ಹೋಗುತ್ತಿಲ್ಲ. ಹೊಲ ಬಿಟ್ಟು ಹೊರಟಿದ್ದಾನೆ.

ಬ್ರಿಟನ್ನಿನ ‘ದಿ ಹೂ’ ತಂಡ 1971ರ ಆಗಸ್ಟಿನಲ್ಲಿ ತಂದ ‘ಹೂಸ್ ನೆಕ್ಸ್ಟ್’ ಆಲ್ಬಮ್ಮಿನ ಮೊದಲ ಹಾಡು ಇದು. ಬರೆದವನು ಗಿಟಾರ್ ನುಡಿಸುವ ಪೀಟ್ ಟೌನ್‌ಶೆಂಡ್. ಮುಖ್ಯ ದನಿ ರೋಜರ್ ಡಾಲ್ಟ್ರಿಯದು. ಮೊದಲ ಸಾಲಲ್ಲೇ ಹಾಡುವವನು ಹೊಲದಲ್ಲಿ ನಿಂತಿದ್ದಾನೆ. ನನ್ನ ಊಟಕ್ಕೆ ನಾನೇ ಗುದ್ದಾಡುತ್ತೇನೆ, ಬೆನ್ನು ಬಗ್ಗಿಸಿ ಬದುಕುತ್ತೇನೆ ಅನ್ನುತ್ತಾನೆ. ನಾನು ಸರಿ ಅಂತ ಯಾರ ಮುಂದೆಯೂ ಜಗಳ ಆಡಿ ತೋರಿಸಬೇಕಿಲ್ಲ, ಯಾರ ಕ್ಷಮೆಯೂ ಬೇಕಿಲ್ಲ ಅನ್ನುತ್ತಾನೆ. ಸ್ವಂತ ದುಡಿಮೆಯಲ್ಲಿ ಉಣ್ಣುವ ನಮ್ಮ ಕಡೆಯ ರೈತ ಸಂಜೆ ಕಟ್ಟೆ ಮೇಲೆ ಕೂತು ಆಡುವ ಮಾತಿನ ಧಾಟಿಯೇ ಇದು. ಅಂದರೆ ಪಬ್ಬಿನಲ್ಲಿ ಕೂತ ನಾವೆಲ್ಲ ಯಾವ ಜಾಗದ ಕನಸು ಕಾಣುತ್ತೇವೋ, ಆ ಜಾಗದಲ್ಲಿ ಅವನು ಆಗಲೇ ಇದ್ದಾನೆ.

ಆಮೇಲೆ ಸ್ಯಾಲಿ ಬರುತ್ತಾಳೆ. ಅವಳ ಕೈ ಹಿಡಿದು ದಕ್ಷಿಣಕ್ಕೆ ಹೋಗೋಣ ನಡಿ ಅನ್ನುತ್ತಾನೆ. ಬೆಂಕಿ ಆರಿಸು, ನನ್ನ ಹೆಗಲಾಚೆ ನೋಡಬೇಡ ಅನ್ನುತ್ತಾನೆ. ಜನ ಗುಳೆ ಎದ್ದಿದ್ದಾರೆ, ಖುಷಿಯಾಗಿರುವವರು ಹತ್ತಿರದಲ್ಲೇ ಇದ್ದಾರೆ, ಇನ್ನೂ ವಯಸ್ಸಾಗುವ ಮೊದಲು ಒಟ್ಟಿಗೆ ಸೇರಿಕೊಳ್ಳೋಣ ಅನ್ನುತ್ತಾನೆ. ಇಷ್ಟೇ ಕಥೆ. ಯಾಕೆ ಹೊರಟ, ಎಲ್ಲಿಗೆ ಮುಟ್ಟಿದ, ಯಾವುದನ್ನೂ ಹಾಡು ಹೇಳುವುದಿಲ್ಲ.

ಹೇಳದಿರಲು ಒಂದು ಕಾರಣ ಇದೆ. ಈ ಹಾಡು ಒಂದು ದೊಡ್ಡ ಕಥೆಯಿಂದ ಕಿತ್ತುಕೊಂಡ ತುಂಡು. 1969ರಲ್ಲಿ ‘ಟಾಮಿ’ ಎಂಬ ರಾಕ್ ಒಪೆರಾ (ಹಾಡುಗಳಲ್ಲೇ ಒಂದು ಕಥೆ ಹೇಳುವ ಆಲ್ಬಮ್) ಮಾಡಿ ಗೆದ್ದ ಮೇಲೆ ಟೌನ್‌ಶೆಂಡ್ ಅದಕ್ಕಿಂತ ದೊಡ್ಡದೊಂದಕ್ಕೆ ಕೈ ಹಾಕಿದ. ಹೆಸರು ‘ಲೈಫ್‌ಹೌಸ್’. ಅದರಲ್ಲಿ ಬ್ರಿಟನ್ನಿನ ಗಾಳಿ ಕೆಟ್ಟುಹೋಗಿದೆ. ಜನ ಮನೆಯಿಂದ ಹೊರಗೆ ಬರುವುದಿಲ್ಲ. ಮೈಗೆ ಒಂದು ವಿಶೇಷ ಉಡುಪು ಹಾಕಿಕೊಂಡು ‘ಗ್ರಿಡ್’ ಎಂಬ ಜಾಲಕ್ಕೆ ಅಂಟಿಕೊಂಡಿರುತ್ತಾರೆ. ಊಟ, ನಿದ್ದೆ, ಮನರಂಜನೆ, ಅನುಭವ ಎಲ್ಲವೂ ಆ ಜಾಲದ ಮೂಲಕವೇ ಬರುತ್ತದೆ. ಇಂಟರ್ನೆಟ್ಟನ್ನು ಮೊದಲೇ ಊಹಿಸಿದವನು ಅಂತ ಅವನನ್ನು ಹೊಗಳುವವರಿದ್ದಾರೆ. 2020ರ ಲಾಕ್‌ಡೌನ್ ಆದಮೇಲಂತೂ ಈ ಹೊಗಳಿಕೆ ಜಾಸ್ತಿಯಾಯಿತು. ನನಗೆ ಭವಿಷ್ಯ ಹೇಳುವವರ ಮೇಲೆ ಅಷ್ಟು ಆಸಕ್ತಿ ಇಲ್ಲ. ಆ ಜಾಲದ ಹೊರಗೆ ಉಳಿದವರು ಯಾರು ಅನ್ನುವುದೇ ನನ್ನ ಕುತೂಹಲ.

ಅಲ್ಲಿ ಬರುತ್ತಾನೆ ನಮ್ಮ ರೈತ. ಹೆಸರು ರೇ. ಸ್ಕಾಟ್ಲೆಂಡಿನವನು. ಮಾಲಿನ್ಯ ಮುಟ್ಟದಷ್ಟು ದೂರದಲ್ಲಿ ಅವನ ಹೊಲ ಇದೆ. ಹೆಂಡತಿ ಸ್ಯಾಲಿ, ಇಬ್ಬರು ಮಕ್ಕಳು. ಟೌನ್‌ಶೆಂಡ್ ಹೇಳಿದ ಪ್ರಕಾರ ಕಥೆಯ ಶುರುವಿನಲ್ಲಿ ಈ ಹಾಡನ್ನು ಹಾಡಬೇಕಿದ್ದವನು ರೇ. ಸಂಸಾರ ಕಟ್ಟಿಕೊಂಡು ಲಂಡನ್ ಕಡೆ ಹೊರಡುವ ಹೊತ್ತಿನ ಹಾಡು. ಲಂಡನ್ನಿನಲ್ಲಿ ಕದ್ದುಮುಚ್ಚಿ ಒಂದು ದೊಡ್ಡ ರಾಕ್ ಕಚೇರಿ ನಡೆಯುತ್ತಿದೆ. ಅವನ ಮಗಳು ಅದನ್ನು ಹುಡುಕಿಕೊಂಡು ಮನೆ ಬಿಟ್ಟು ಹೋಗಿದ್ದಾಳೆ.

ಇದನ್ನು ತಿಳಿದ ಮೇಲೆ ಹಾಡು ನನಗೆ ಪೂರ್ತಿ ಬೇರೆಯಾಗಿ ಕೇಳಿಸತೊಡಗಿತು. ಹದಿನೆಂಟರ ಹುಡುಗನ ಕೂಗು ಅಂದುಕೊಂಡದ್ದು ಮಕ್ಕಳೊಂದಿಗನ ಮಾತು. ಹಾಡಿನ ನಡುವೆ ಒಂದು ಕಡೆ ಅಬ್ಬರ ನಿಂತು ಟೌನ್‌ಶೆಂಡನ ತೆಳು ದನಿ ಬರುತ್ತದಲ್ವಾ, ಅಳಬೇಡ, ಕಣ್ಣೆತ್ತಬೇಡ ಅಂತ? ಡಾಲ್ಟ್ರಿಯ ಗಡಸು ಗಂಟಲಿನ ಪಕ್ಕದಲ್ಲಿ ಅದು ಯಾರೋ ಮಗುವನ್ನು ಸಂತೈಸಿದ ಹಾಗಿದೆ. ಹಿಂದಿನ ಸೀಟಿನಲ್ಲಿ ಕೂತ ಮಗುವಿಗೆ ಹೇಳುತ್ತಿದ್ದಾನೋ, ಓಡಿಹೋದ ಮಗಳಿಗೆ ದೂರದಿಂದ ಹೇಳುತ್ತಿದ್ದಾನೋ, ನಾವು ಹೇಗೆ ಬೇಕಾದರೂ ಅಂದುಕೊಳ್ಳಬಹುದು. ಮಗಳಿಗೆ ಅಂತ ಕೇಳಿಸಿಕೊಳ್ಳುವುದು ನನಗೆ ಇಷ್ಟ.

ಲೈಫ್‌ಹೌಸ್ ಮಾತ್ರ ಮುಗಿಯಲೇ ಇಲ್ಲ. 1971ರ ಶುರುವಿನಲ್ಲಿ ಲಂಡನ್ನಿನ ಯಂಗ್ ವಿಕ್ ನಾಟಕಶಾಲೆಯಲ್ಲಿ ಜನರನ್ನು ಸೇರಿಸಿ, ಅವರ ಜೊತೆಯಲ್ಲೇ ಕಥೆ ಮತ್ತು ಸಂಗೀತ ಎರಡನ್ನೂ ಬೆಳೆಸಬೇಕು ಅಂತ ಟೌನ್‌ಶೆಂಡ್ ಹೊರಟಿದ್ದ. ಬಂದ ಜನಕ್ಕೆ ಬೇಕಾಗಿದ್ದದ್ದು ಹಳೆಯ ಹಿಟ್ ಹಾಡುಗಳು. ಸಿನಿಮಾ ಮಾಡುವ ಯೋಜನೆ ಬಿದ್ದುಹೋಯಿತು. ತಂಡದವರಿಗೇ ಕಥೆ ಅರ್ಥವಾಗಲಿಲ್ಲ. ಅವನ ಮನಸ್ಸು ಕುಸಿಯಿತು. ಕೊನೆಗೆ ಧ್ವನಿಮುದ್ರಣದ ಹೊಣೆ ಹೊತ್ತ ಗ್ಲಿನ್ ಜಾನ್ಸ್, ಕಥೆ ಪಕ್ಕಕ್ಕಿಡು, ಒಳ್ಳೆಯ ಹಾಡುಗಳನ್ನು ಆರಿಸಿ ಒಂದೇ ಆಲ್ಬಮ್ ಮಾಡೋಣ ಅಂದ. ಹಾಗೆ ಹುಟ್ಟಿದ್ದು ‘ಹೂಸ್ ನೆಕ್ಸ್ಟ್’. ಕಥೆ ಕಳೆದುಕೊಂಡ ಹಾಡುಗಳು ಕಥೆ ಇದ್ದಿದ್ದಕ್ಕಿಂತ ಚೆನ್ನಾಗಿ ಬದುಕಿದವು ಅನ್ನುವುದು ನನ್ನ ಅನಿಸಿಕೆ. 1999ರಲ್ಲಿ ಬಿಬಿಸಿ ರೇಡಿಯೊದಲ್ಲಿ ಲೈಫ್‌ಹೌಸ್ ನಾಟಕವಾಗಿ ಬಂತು. ಅದನ್ನು ಯಾರೂ ಪಬ್ಬಿನಲ್ಲಿ ಕೂಗುವುದಿಲ್ಲ.

ಇನ್ನು ಆ ಬಂಜರು ಯಾವುದು? ಟೌನ್‌ಶೆಂಡ್ ಸಂದರ್ಶನಗಳಲ್ಲಿ ಅಮೆರಿಕದ ವುಡ್‌ಸ್ಟಾಕ್ ಸಂಗೀತ ಉತ್ಸವವನ್ನು ನೆನಪು ಮಾಡಿದ್ದಾನೆ. 1969ರ ಆಗಸ್ಟ್ 17ರ ಬೆಳಗಿನ ಜಾವ ‘ದಿ ಹೂ’ ಅಲ್ಲಿ ನುಡಿಸಿತು. ಸುತ್ತ ಕೆಸರು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ. ವೇದಿಕೆಯ ಹಿಂದೆ ಕುಡಿಯುವ ಪಾನೀಯಕ್ಕೇ ಎಲ್‌ಎಸ್‌ಡಿ ಎಂಬ ಮಾದಕ ವಸ್ತು ಬೆರೆಸಿದ್ದರು. ನಡುವೆ ಆ್ಯಬಿ ಹಾಫ್‌ಮನ್ ಎಂಬ ಚಳವಳಿಗಾರ ಮೈಕ್ ಹಿಡಿದು ಭಾಷಣ ಶುರುಮಾಡಿದಾಗ ಟೌನ್‌ಶೆಂಡ್ ಅವನನ್ನು ಬೈದು ವೇದಿಕೆಯಿಂದ ಅಟ್ಟಿದ. ಜಗತ್ತು ಆ ಮೂರು ದಿನವನ್ನು ಪ್ರೀತಿ ಶಾಂತಿಯ ಜಾತ್ರೆ ಅಂತ ನೆನಪಿಟ್ಟುಕೊಂಡಿದೆ. ಅವನಿಗೆ ಕಂಡದ್ದು ನಶೆಯಲ್ಲಿ ಬಿದ್ದಿದ್ದ ಮಕ್ಕಳು. ಹಾಡು ಆ ಹಾಳುಬಿದ್ದ ಸ್ಥಿತಿಯ ಬಗ್ಗೆ, ಜನ ಅದನ್ನು ಹಬ್ಬ ಅಂತ ಕೇಳಿಸಿಕೊಂಡರು ಅಂತ ಅವನೇ ಬೇಸರಪಟ್ಟಿದ್ದಾನೆ. 2012ರ ಲಂಡನ್ ಒಲಿಂಪಿಕ್ಸಿನ ಸಮಾರೋಪದಲ್ಲೂ ಇದನ್ನು ಹಬ್ಬದ ಹಾಡಾಗಿಯೇ ನುಡಿಸಿದರು. ನುಡಿಸಿದವರು ‘ದಿ ಹೂ’ ತಂಡದವರೇ. ಆಮೇಲೆ ಕೇಳುಗರನ್ನು ದೂರಿ ಏನು ಪ್ರಯೋಜನ?

ಆಲ್ಬಮ್ಮಿನ ಹೊದಿಕೆ ಚಿತ್ರವನ್ನೂ ಒಮ್ಮೆ ನೋಡಿ. ಇಂಗ್ಲೆಂಡಿನ ಡರಂ ಕೌಂಟಿಯಲ್ಲಿ ಈಸಿಂಗ್ಟನ್ ಎಂಬ ಕಲ್ಲಿದ್ದಲು ಗಣಿ ಇತ್ತು. ಅದರ ತ್ಯಾಜ್ಯ ಸುರಿದ ದಿಬ್ಬದ ಮೇಲೆ ಒಂದು ಕಾಂಕ್ರೀಟ್ ಕಂಬ. ತಂಡದ ನಾಲ್ವರು ಅದಕ್ಕೆ ಉಚ್ಚೆ ಹೊಯ್ದು ಪ್ಯಾಂಟ್ ಸರಿಮಾಡಿಕೊಂಡು ಹೊರಟಂತಿದೆ. ಕೆಲವರಿಗೆ ಬರಲಿಲ್ಲ, ಮಳೆ ನೀರು ಸುರಿದರು ಅನ್ನುವುದು ನಂತರ ಗೊತ್ತಾದ ಸಂಗತಿ. ಈಥನ್ ರಸೆಲ್ ತೆಗೆದ ಆ ಫೋಟೋದಲ್ಲಿ ಒಂದು ಹುಲ್ಲುಕಡ್ಡಿ ಇಲ್ಲ. ಹೊಲದಿಂದ ಶುರುವಾಗುವ ಹಾಡನ್ನು ಇಂಥ ಹೊದಿಕೆಯಲ್ಲಿ ಸುತ್ತಿ ಕೊಟ್ಟಿದ್ದಾರೆ. ತಮಾಷೆಗೆ ಮಾಡಿದ್ದಿರಬಹುದು, ಆದರೂ ಹಾಡಿಗೆ ಸರಿಯಾಗಿ ಹೊಂದಿದೆ.

ಹೆಸರಿನ ‘ಬಾಬಾ’ ನಮ್ಮ ನೆರೆಯ ಮಹಾರಾಷ್ಟ್ರದವರು. ಮೆಹೆರ್ ಬಾಬಾ. 1894ರಲ್ಲಿ ಪುಣೆಯ ಇರಾನಿ ಕುಟುಂಬದಲ್ಲಿ ಹುಟ್ಟಿದವರು. ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ಹತ್ತಿರ ಮೆಹೆರಾಬಾದಿನಲ್ಲಿ ಅವರ ಸಮಾಧಿ ಇದೆ. 1925ರ ಜುಲೈ 10ರಂದು ಮಾತು ಬಿಟ್ಟವರು 1969ರ ಜನವರಿ 31ರಂದು ತೀರಿಕೊಳ್ಳುವ ತನಕ ಮಾತಾಡಲಿಲ್ಲ. ಮೊದಲು ಅಕ್ಷರಗಳ ಹಲಗೆ ಮುಟ್ಟಿ ತೋರಿಸುತ್ತಿದ್ದರು, 1954ರಿಂದ ಅದನ್ನೂ ಬಿಟ್ಟು ಕೈಸನ್ನೆ ಮಾತ್ರ. ‘ದಿ ಹೂ’ ತಂಡವೋ, 1976ರಲ್ಲಿ ಅತಿ ಜೋರು ಸದ್ದಿನ ಕಚೇರಿ ಅಂತ ಗಿನ್ನೆಸ್ ಪುಸ್ತಕ ಸೇರಿದ್ದು. ನಲವತ್ತಮೂರು ವರ್ಷ ತುಟಿ ಬಿಚ್ಚದವರ ಹೆಸರು ಇಂಥವರ ಹಾಡಿಗೆ!

ಟೌನ್‌ಶೆಂಡ್ ಮೆಹೆರ್ ಬಾಬಾರ ಭಕ್ತನಾಗಿದ್ದ, ಈಗಲೂ ಹಾಗೇ ಹೇಳಿಕೊಳ್ಳುತ್ತಾನೆ. ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಆ ಕಾಲದಲ್ಲಿ ಭಾರತದ ಗುರುಗಳ ಹಿಂದೆ ಬಿದ್ದ ಪಶ್ಚಿಮದ ಹುಡುಗರಲ್ಲಿ ಬಹಳ ಜನ ನಶೆಯನ್ನೂ ಅಧ್ಯಾತ್ಮವನ್ನೂ ಒಂದೇ ಬುಟ್ಟಿಗೆ ಹಾಕಿದ್ದರು. ಮೆಹೆರ್ ಬಾಬಾ ಅದಕ್ಕೆ ಖಡಾಖಂಡಿತ ವಿರೋಧ. ಗುಳಿಗೆಯಲ್ಲಿ ದೇವರು ಸಿಗುತ್ತಾನಾ ಅಂತ ಕೇಳುವ ಅವರ ಕಿರುಪುಸ್ತಕ 1966ರಲ್ಲೇ ಬಂದಿತ್ತು. ಟೌನ್‌ಶೆಂಡ್ ಆಮೇಲೆ ನಶೆ ಬಿಟ್ಟ. ಕೊನೆತನಕ ಆ ಹಠ ಉಳಿಯಲಿಲ್ಲ, ಅದು ಬೇರೆ ಕಥೆ. ಆದರೆ ಈ ಹಾಡು ಬರೆಯುವಾಗ ಅವನಿಗೆ ಎರಡು ಬಗೆಯ ಓಟ ಕಣ್ಣ ಮುಂದಿತ್ತು. ಯಂತ್ರದ ಬದುಕಿನಿಂದ ಹೊಲಕ್ಕೆ ಓಡುವುದು ಒಂದು. ಎಚ್ಚರದಿಂದ ನಶೆಗೆ ಓಡುವುದು ಇನ್ನೊಂದು. ರೇ ಮೊದಲನೆಯದನ್ನು ಬಿಟ್ಟು ಹೊರಟಿದ್ದಾನೆ, ದಾರಿ ಕೊನೆಯಲ್ಲಿ ಅವನಿಗೆ ಎರಡನೆಯದು ಕಾದಿದೆ. ಹಾಗೆ ನೋಡಿದರೆ ಹಾಡಿನ ಕಡೆಯ ಕೂಗು ಭಯ ಹುಟ್ಟಿಸಬೇಕು.

ಹೆಸರಿನ ‘ರೈಲಿ’ ಅಂದರೆ ಟೆರ್ರಿ ರೈಲಿ, ಕ್ಯಾಲಿಫೋರ್ನಿಯಾದ ಸಂಗೀತಗಾರ. ಚಿಕ್ಕ ಚಿಕ್ಕ ಸ್ವರಗುಚ್ಛಗಳನ್ನು ಮತ್ತೆ ಮತ್ತೆ ನುಡಿಸಿ, ಅವು ಒಂದರ ಮೇಲೊಂದು ಜಾರುತ್ತಾ ಹೊಸ ಆಕಾರ ತಾಳುವಂತೆ ಮಾಡುವುದು ಅವನ ರೀತಿ. 1964ರ ‘ಇನ್ ಸಿ’, 1969ರ ‘ಎ ರೇನ್‌ಬೋ ಇನ್ ಕರ್ವ್ಡ್ ಏರ್’ ಕೇಳಿದರೆ ಟೌನ್‌ಶೆಂಡ್ ಎಲ್ಲಿಂದ ಕಲಿತ ಅನ್ನುವುದು ತಕ್ಷಣ ತಿಳಿಯುತ್ತದೆ. ಮೆಹೆರ್ ಬಾಬಾ ಅವರ ಬದುಕಿನ ವಿವರಗಳನ್ನು ಯಂತ್ರಕ್ಕೆ ಕೊಟ್ಟರೆ ಅದು ರೈಲಿಯ ರೀತಿಯಲ್ಲಿ ಏನು ನುಡಿಸೀತು ಅನ್ನುವುದು ಅವನ ತಲೆಯಲ್ಲಿದ್ದ ಹುಚ್ಚು ಯೋಚನೆ. ಕೊನೆಗೆ ಮಾಡಿದ್ದು ಇಷ್ಟೇ. ಮನೆಯಲ್ಲಿದ್ದ ಲೌರಿ ಕಂಪನಿಯ ಆರ್ಗನ್ ಮುಂದೆ ಕೂತ. ಕೀಲಿ ಒತ್ತಿ ಹಿಡಿದರೆ ಅದೇ ಸ್ವರ ಪಟಪಟ ಮರುಕಳಿಸುವ ಒಂದು ಗುಂಡಿ ಅದರಲ್ಲಿತ್ತು. ಅದನ್ನು ಹಾಕಿ ತನ್ನ ಕೈಯಲ್ಲೇ ನುಡಿಸಿದ. ಸಿಂಥಸೈಸರ್ ಅಂತ ಲೋಕವೆಲ್ಲ ನಂಬಿದ್ದು ಮನೆಬಳಕೆಯ ಆರ್ಗನ್ನಿನ ಸದ್ದನ್ನು.

ರೈಲಿ ಎಂದಾಗ ನಮ್ಮ ಕಡೆಗೆ ಒಂದು ದಾರಿ ತೆರೆಯುತ್ತದೆ. 1970ರಲ್ಲಿ ಅವನು ಪಂಡಿತ್ ಪ್ರಾಣನಾಥರ ಶಿಷ್ಯನಾದ. ಪ್ರಾಣನಾಥರು ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾನೆಯವರು, ಅಬ್ದುಲ್ ವಹೀದ್ ಖಾನರ ಶಿಷ್ಯರು. ಅದೇ ಘರಾನೆಯ ಇನ್ನೊಂದು ಕೊಂಬೆ ಅಬ್ದುಲ್ ಕರೀಂ ಖಾನರದು. ಅವರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಹರಿದು ಬಂದದ್ದು. ಹಾಗಂತ ಈ ರಾಕ್ ಹಾಡಿನಲ್ಲಿ ಕಿರಾನಾ ಇದೆ ಅಂತ ಹೇಳಿದರೆ ಅದು ಬುರುಡೆ. ಟೌನ್‌ಶೆಂಡನ ಕಿವಿ ತೆರೆಸಿದ ರೈಲಿಯ ರೆಕಾರ್ಡು 1969ರದ್ದು, ಶಿಷ್ಯತ್ವಕ್ಕಿಂತ ಮೊದಲಿನದು. ಆದರೂ ಒಂದು ಹೋಲಿಕೆ ನನ್ನನ್ನು ಬಿಡುವುದಿಲ್ಲ. ಕಿರಾನಾದವರು ಒಂದೊಂದೇ ಸ್ವರದ ಮೇಲೆ ನಿಲ್ಲುತ್ತಾರೆ, ಅದನ್ನು ಪೂರ್ತಿ ಅರಳಿಸದೆ ಮುಂದೆ ಹೋಗುವುದಿಲ್ಲ. ಲೈಫ್‌ಹೌಸ್ ಕಥೆಯ ಕೊನೆಯಲ್ಲೂ ಸೇರಿದ ಜನರೆಲ್ಲ ಒಂದೇ ಸ್ವರವನ್ನು ಕಂಡುಕೊಳ್ಳುತ್ತಾರೆ, ಕಂಡುಕೊಂಡವರು ಮಾಯವಾಗುತ್ತಾರೆ.

ಮನೆ ಬಿಟ್ಟು ಓಡಿದವರ ಮಾತು ಬಂದಾಗ ಭೀಮಸೇನ ಜೋಶಿಯವರನ್ನು ಬಿಡಲಾಗುತ್ತದೆಯೇ? ಗದಗಿನ ಹುಡುಗ. ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿ ತಲೆಕೆಟ್ಟು, 1933ರಲ್ಲಿ, ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ರೈಲು ಹತ್ತಿದರು. ಟಿಕೆಟ್ ಇಲ್ಲ. ಗ್ವಾಲಿಯರ್ ಕಡೆ ಅಲೆದರು, ಜಲಂಧರ್‌ವರೆಗೆ ಹೋದರು. ಅಲ್ಲಿ ಗಾಯಕ ವಿನಾಯಕರಾವ್ ಪಟವರ್ಧನರು ಹೇಳಿದ್ದು, ನಿನ್ನ ಊರ ಹತ್ತಿರವೇ ಸವಾಯಿ ಗಂಧರ್ವರಿದ್ದಾರೆ, ಹೋಗು ಅಂತ. ಗದಗಿನಿಂದ ಕುಂದಗೋಳ ಎಷ್ಟು ದೂರ ಹೇಳಿ! ರೇ ಮಗಳು ಓಡಿದ್ದೂ ಹಾಡಿಗಾಗಿಯೇ. ಬಿಟ್ಟದ್ದು ಏನನ್ನು ಎಂಬುದಕ್ಕಿಂತ ಹುಡುಕಿ ಹೋದದ್ದು ಏನನ್ನು ಎಂಬುದೇ ಇಂಥ ಓಟಗಳಲ್ಲಿ ದೊಡ್ಡದು.

ಮತ್ತೆ ಹಾಡಿಗೆ ಬರುತ್ತೇನೆ. ನನ್ನ ಮಟ್ಟಿಗೆ ಅದರ ನಿಜವಾದ ವಾದ ಮಾತಿನಲ್ಲಿಲ್ಲ, ನುಡಿಸಾಣಿಕೆಯಲ್ಲಿದೆ. ಮೊದಲು ಯಂತ್ರದಂತೆ ಮರುಕಳಿಸುವ ಆರ್ಗನ್ ಒಂದೇ. ಮೇಲೆ ಪಿಯಾನೊ ಬಂದು ಮೂರು ದಪ್ಪ ಸ್ವರಮೇಳ ಕುಟ್ಟುತ್ತದೆ. ಆಮೇಲೆ ಕೀತ್ ಮೂನನ ಡ್ರಮ್ಸು, ಜಾನ್ ಎಂಟ್ವಿಸಲ್‌ನ ಬಾಸು. ಗಿಟಾರ್ ಬರುವುದು ಎಷ್ಟೋ ಹೊತ್ತಿನ ಮೇಲೆ. ಕೊನೆಯ ಭಾಗದಲ್ಲಿ ಒಂದು ಪಿಟೀಲು. ನುಡಿಸಿದವನು ‘ಈಸ್ಟ್ ಆಫ್ ಈಡನ್’ ತಂಡದ ಡೇವ್ ಆರ್ಬಸ್, ಪಿಟೀಲು ಬೇಕು ಅಂತ ಸೂಚಿಸಿದವನು ಮೂನ್. ಹಳ್ಳಿ ಕುಣಿತದ ಮಟ್ಟು ಅದು, ವೇಗ ಏರುತ್ತಾ ಏರುತ್ತಾ ಹೋಗುತ್ತದೆ. ಯಂತ್ರದ ಸದ್ದಿನಿಂದ ಶುರುವಾದದ್ದು ಬೆವರು ಸುರಿಸುವ ಮನುಷ್ಯರ ಕುಣಿತದಲ್ಲಿ ಮುಗಿಯುತ್ತದೆ. ಹಳ್ಳಿಯನ್ನು ಹಿಂದೆ ಬಿಟ್ಟು ಬಂದವನ ಹಾಡಿನ ತುದಿಯಲ್ಲಿ ಹಳ್ಳಿಯ ಮಟ್ಟು. ಅವನು ಅದನ್ನು ಜೊತೆಗೆ ತಂದಿದ್ದಾನೆ ಅಂತ ಕೇಳಿಸಿಕೊಳ್ಳಲು ಅಡ್ಡಿಯೇನಿಲ್ಲ.

ವೇದಿಕೆಯಲ್ಲಿ ಇದನ್ನು ನುಡಿಸುವುದು ಸುಲಭವಿರಲಿಲ್ಲ. ಆರ್ಗನ್ ಟೇಪಿನಲ್ಲಿ ಓಡುತ್ತದೆ, ಟೇಪು ಯಾರಿಗೂ ಕಾಯುವುದಿಲ್ಲ. ಯಾವ ತಾಳಕ್ಕೂ ಕಟ್ಟುಬೀಳದ, ಹೋಟೆಲ್ ರೂಮು ಪುಡಿಮಾಡುವುದರಲ್ಲಿ ಹೆಸರಾದ ಕೀತ್ ಮೂನ್ ತಲೆಗೆ ಹೆಡ್‌ಫೋನ್ ಹಾಕಿಕೊಂಡು ಟೇಪಿನ ಜೊತೆ ನುಡಿಸಬೇಕಾಯಿತು. 1978ರ ಮೇ 25ರಂದು ಶೆಪರ್ಟನ್ ಸ್ಟುಡಿಯೊದಲ್ಲಿ ಚಿತ್ರೀಕರಿಸಿದ ಕಾರ್ಯಕ್ರಮ ನೋಡಿ. ಹೆಡ್‌ಫೋನ್ ಜಾರದಂತೆ ತಲೆಗೆ ಅಂಟುಪಟ್ಟಿ ಸುತ್ತಿದ್ದಾರೆ. ಆ ಸೆಪ್ಟೆಂಬರ್ 7ರಂದು ಅವನು ತೀರಿಕೊಂಡ. ತಂಡದ ಜೊತೆ ಅವನು ಕೊನೆಯ ಸಲ ನುಡಿಸಿದ್ದು ಶೆಪರ್ಟನ್ನಿನಲ್ಲೇ. ಯಂತ್ರಕ್ಕೆ ಕಟ್ಟಿಹಾಕಿದ ಮನುಷ್ಯ ಅದನ್ನು ಮೀರಲು ಒದ್ದಾಡುವುದು ಅಂದರೆ ಹೀಗೆ. ಲೈಫ್‌ಹೌಸ್‌ನ ಇಡೀ ಕಥೆಗಿಂತ ಆ ಐದು ನಿಮಿಷ ನನಗೆ ಹೆಚ್ಚು ಹೇಳುತ್ತದೆ.

ಅದೇ ಆಲ್ಬಮ್ಮಿನಲ್ಲಿ ‘ಗೋಯಿಂಗ್ ಮೊಬೈಲ್’ ಎಂಬ ಹಾಡಿದೆ. ಮನೆಯನ್ನೇ ಗಾಡಿ ಮಾಡಿಕೊಂಡು ತಿರುಗುವವನ ಖುಷಿ. ಏಸಿ ಹಾಕಿಕೊಂಡ ಅಲೆಮಾರಿ ಅಂತ ತನ್ನನ್ನೇ ಕರೆದುಕೊಳ್ಳುತ್ತಾನೆ. ಕೊನೆಯ ಹಾಡು ‘ವೋಂಟ್ ಗೆಟ್ ಫೂಲ್ಡ್ ಅಗೈನ್’, ಕ್ರಾಂತಿಯನ್ನೇ ನಂಬದ ಹಾಡು. ಹೊರಡುವುದರಿಂದ ಶುರುವಾಗಿ, ಯಾರನ್ನೂ ನಂಬಬೇಡ ಅನ್ನುವಲ್ಲಿಗೆ ಆಲ್ಬಮ್ ಮುಟ್ಟುತ್ತದೆ. ಬಿಡಿಯಾಗಿ ಒಂದೇ ಹಾಡು ಕೇಳುವವರಿಗೆ ಇದು ತಪ್ಪಿಹೋಗುತ್ತದೆ.

ವಯಸ್ಸಾಗುವ ಮೊದಲು ಸೇರೋಣ ಅನ್ನುವ ಸಾಲನ್ನು ಮರೆಯಬಾರದು. 1965ರಲ್ಲಿ ‘ಮೈ ಜನರೇಶನ್’ ಬರೆದಾಗ ಇದೇ ಟೌನ್‌ಶೆಂಡ್ ಮುದುಕನಾಗುವ ಮೊದಲೇ ಸತ್ತರೆ ಸಾಕು ಅನ್ನುವ ಅರ್ಥದ ಸಾಲು ಬರೆದಿದ್ದ. ಆಗ ಇಪ್ಪತ್ತು ವಯಸ್ಸು. ಇಪ್ಪತ್ತಾರಕ್ಕೆ ಸಾಯುವ ಮಾತು ಹೋಗಿ ಸೇರುವ ಮಾತು ಬಂತು. ನಡುವೆ ಮದುವೆಯಾಗಿತ್ತು, ಮಗು ಹುಟ್ಟಿತ್ತು. 2025ರಲ್ಲಿ 81ರ ಡಾಲ್ಟ್ರಿ, 80ರ ಟೌನ್‌ಶೆಂಡ್ ಉತ್ತರ ಅಮೆರಿಕದಲ್ಲಿ ವಿದಾಯದ ಪ್ರವಾಸ ಮಾಡಿದರು. ಅಲ್ಲೂ ಈ ಹಾಡು ಇತ್ತು.

ಈ ಹಾಡಿನ ಬಗ್ಗೆ ನನ್ನ ಜೊತೆ ಜಗಳ ಆಡುವ ಗೆಳೆಯನೊಬ್ಬನಿದ್ದಾನೆ. ಬೆಂಗಳೂರಿನ ಕೆಲಸ ಬಿಟ್ಟು ಸಕಲೇಶಪುರದ ಕಡೆ ಸ್ವಲ್ಪ ಕಾಫಿ, ಮೆಣಸು ಇರುವ ಜಾಗ ತಗೊಂಡ. ಒಂದು ಮಳೆಗಾಲ ಪೂರ್ತಿ ಅಲ್ಲೇ ಇದ್ದ. ಕರೆಂಟು ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ, ಆನೆ ಬಂದು ಬೇಲಿ ಕಿತ್ತಿತು. ಇವೆಲ್ಲ ತೊಂದರೆಯೇ ಅಲ್ಲ ಅನ್ನುತ್ತಾನೆ. “ಮಾತಾಡೋಕೆ ಜನ ಇರ್ಲಿಲ್ಲ ಮಾರಾಯ. ಮಳೆ ಜೊತೆ ಎಷ್ಟು ಅಂತ ಮಾತಾಡ್ಲಿ?” ಈಗ ವಾರದಲ್ಲಿ ನಾಲ್ಕು ದಿನ ಬೆಂಗಳೂರಲ್ಲಿ ಬಾಡಿಗೆ ರೂಮು, ಉಳಿದ ದಿನ ತೋಟ. ನೀನೇ ರೇ, ಹೊಲದಿಂದ ಜನರ ಕಡೆ ಹೊರಟವನು, ಅಂತ ನಾನು ನನ್ನ ವಾದವನ್ನೆಲ್ಲ ಅವನ ಮುಂದೆ ಇಟ್ಟೆ. ಅವನು ಒಪ್ಪಲಿಲ್ಲ.

“ರೇ ಹೊಲ ಮಾರಿದ ಅಂತ ಹಾಡಲ್ಲಿ ಎಲ್ಲಿದೆ ತೋರ್ಸು” ಅಂದ. “ಬೆಂಕಿ ಆರ್ಸು ಅಂದಿದಾನೆ, ಅಷ್ಟೇ. ಯಾರಾದ್ರೂ ಮನೆ ಬಿಟ್ಟು ನಾಲ್ಕು ದಿನ ಎಲ್ಲಿಗಾದ್ರೂ ಹೋಗ್ಬೇಕಾದ್ರೆ ಒಲೆ ಆರ್ಸಲ್ವಾ?”